ಬೆಳೆಯದ ದನಿ

ಶೆಟ್ಟಿಹಳ್ಳಿ, ತುಮಕೂರು
೧೬ ಸೆಪ್ಟೆಂಬರ್ ೨೦೨೫

ಅನುಪಮಾ,

ಅಕ್ಷರ ನೋಡಿದ ಕೂಡಲೇ ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದಾಗ ನಿನ್ನ ಅರ್ಧ ರೆಕಾರ್ಡ್ ಬುಕ್ಕುಗಳು ಇದೇ ಕೈಬರಹದಲ್ಲಿದ್ದವು. ನಿನ್ನ ಹಳೆಯ ನಂಬರಿಗೆ ಫೋನ್ ಮಾಡಿದರೆ ಯಾರೋ ಟ್ರ್ಯಾಕ್ಟರ್ ರಿಪೇರಿಯವನು ಎತ್ತಿದ. ನಮ್ಮ ಗೃಹಪ್ರವೇಶಕ್ಕೆ ಕರೆಯುವಾಗ ಬರೆದಿಟ್ಟುಕೊಂಡಿದ್ದ ಕುಣಿಗಲ್ ವಿಳಾಸ ಮಾತ್ರ ಉಳಿದಿತ್ತು. ಅದನ್ನೇ ನಂಬಿ ಬರೆಯುತ್ತಿದ್ದೇನೆ.

ಗೃಹಪ್ರವೇಶಕ್ಕೆ ಬಂದು ಹೋದವಳು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಯಾಕೆಂದು ಕೇಳಬೇಕು ಅಂದುಕೊಂಡೇ ನಾನೂ ಸುಮ್ಮನಾದೆ. ಈಗ ಬರೆಯುತ್ತಿರುವುದು ಜಗಳಕ್ಕಲ್ಲ. ನಾವು ದೂರವಾದರೂ ಮಕ್ಕಳು ದೂರವಾಗಿಲ್ಲವಲ್ಲ, ಅದಕ್ಕೆ. ನಿನ್ನ ಮಗಳು ಸಂಧ್ಯಾ ನಮ್ಮ ದೀಪಿಕಾಳ ಜೊತೆ ದಿನಾ ಸಾಯಂಕಾಲ ಮಾತಾಡುತ್ತಾಳೆ. ನಿನಗೆ ಗೊತ್ತಿದೆಯೋ ಇಲ್ಲವೋ.

ದೀಪಿಕಾಳಿಗೆ ಈಗ ಹನ್ನೊಂದು. ಹೋಂವರ್ಕಿಗೆ ಬೇಕು ಅಂತ ಅವಳಪ್ಪ ಒಂದು ಟ್ಯಾಬ್ ಕೊಡಿಸಿದರು. ಗಂಗಾಧರ್ ಅವರಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು. ನಾನು ಸೊಸೈಟಿ ಆಫೀಸಿನಿಂದ ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಅಲ್ಲಿಯವರೆಗೆ ಮಗು ಒಂಟಿ. ಈಚೆಗೆ ಬಾಗಿಲು ಹಾಕಿಕೊಂಡು ಯಾರ ಜೊತೆಯೋ ಮಾತಾಡುವುದು, ನಾನು ಒಳಗೆ ಹೋದರೆ ಟ್ಯಾಬನ್ನು ಕವುಚಿ ಇಡುವುದು ಶುರುವಾಯಿತು. ಯಾರೇ ಅದು ಎಂದರೆ ಬಾಯಿ ಬಿಡಲಿಲ್ಲ. ಮೊನ್ನೆ ಅವಳು ಸ್ನಾನಕ್ಕೆ ಹೋದಾಗ ತೆಗೆದು ನೋಡಿದರೆ ಸಂಧ್ಯಾ! ಗೃಹಪ್ರವೇಶದ ದಿನ ಹಳದಿ ಲಂಗ ಉಟ್ಟು ದೀಪಿಕಾಳ ಹೆಗಲ ಮೇಲೆ ಕೈ ಹಾಕಿ ನಿಂತ ಫೋಟೋ ಅಲ್ಲಿತ್ತು. ಸದ್ಯ, ಉಸಿರು ಬಂತು. ದೀಪಿಕಾಳೇ ಅವಳನ್ನು ಹುಡುಕಿ ಫ್ರೆಂಡ್ ಮಾಡಿಕೊಂಡಳಂತೆ. "ಅಮ್ಮಂಗೆ ಹೇಳ್ಬೇಡ ಅಂತ ಅಕ್ಕ ಹೇಳಿತ್ತು, ಅದಕ್ಕೇ ಹೇಳ್ಲಿಲ್ಲ" ಎಂದಳು.

ಸಂಧ್ಯಾಳ ದನಿ ಒಂದಿಷ್ಟೂ ಬದಲಾಗಿಲ್ಲ ಕಣೇ. ಬಾಗಿಲ ಹೊರಗೆ ನಿಂತು ಕೇಳಿದರೆ ಅದೇ ಹದಿಮೂರರ ಹುಡುಗಿ ಒಳಗಿದ್ದ ಹಾಗಿರುತ್ತದೆ.

ಹೇಳಲೋ ಬೇಡವೋ ಅನ್ನುವ ಒಂದೆರಡು ಸಂಗತಿಗಳಿವೆ. ತಪ್ಪು ತಿಳಿಯಬೇಡ. ದೀಪಿಕಾ ಟ್ಯಾಬನ್ನು ಮುಂದೆ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ತಿರುಗುತ್ತಾಳೆ. "ಅಕ್ಕಂಗೆ ಮನೆ ತೋರಿಸ್ತಿದೀನಿ" ಅನ್ನುತ್ತಾಳೆ. ಅಪ್ಪನದು ಯಾವ ಶಿಫ್ಟು ಅಂತ ದಿನಾ ಬೆಳಿಗ್ಗೆ ಕೇಳಿ ತಿಳಿದುಕೊಳ್ಳುತ್ತಾಳೆ. ಒಂದು ದಿನ ನಾನೇ ಬಾಗಿಲಿಂದ, "ಸಂಧ್ಯಾ, ಮುಖ ತೋರ್ಸೇ, ಎಷ್ಟು ದೊಡ್ಡೋಳಾಗಿದೀಯ ನೋಡ್ತೀನಿ" ಎಂದೆ. ಸ್ವಲ್ಪ ಹೊತ್ತು ತಡೆದು ಒಂದು ನಗು ಬಂತು, ಅಷ್ಟೇ. ಮಾರನೆಯ ದಿನ ದೀಪಿಕಾ ಅಂಗಡಿಗೆ ಹೋಗಿದ್ದಳು. ನಾನು ಒಬ್ಬಳೇ ಅಡುಗೆಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಕೋಣೆಯೊಳಗಿಂದ ಅದೇ ನಗು ಕೇಳಿಸಿತು. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಟ್ಯಾಬ್ ಬಿಟ್ಟರೆ ಏನೂ ಇಲ್ಲ. ಹೆದರಿ ಅಂಗಳಕ್ಕೆ ಓಡಿಬಂದೆ. ಆಮೇಲೆ ನನಗೇ ನಾಚಿಕೆಯಾಯಿತು.

ಸಂಧ್ಯಾಳಿಗೆ ಓದು ಇರುತ್ತದೆ. ದಿನಾ ಇಷ್ಟು ಹೊತ್ತು ಬೇಡ ಅಂತ ನೀನೇ ಮೆಲ್ಲಗೆ ಹೇಳು. ನನ್ನ ನಂಬರು ಕವರಿನ ಹಿಂದೆ ಬರೆದಿದ್ದೇನೆ. ಫೋನ್ ಮಾಡು.

ನಿನ್ನ ಕಾಯುತ್ತಾ,
ಸುಮನಾ

*

ಕುಣಿಗಲ್
೨೪ ಸೆಪ್ಟೆಂಬರ್ ೨೦೨೫

ಸುಮಿ,

ಈ ಕಾಗದವನ್ನು ನನ್ನ ತಮ್ಮ ಗುರುಪ್ರಕಾಶನ ಕೈಯಲ್ಲಿ ನಿನ್ನ ಆಫೀಸಿಗೇ ಕಳಿಸುತ್ತಿದ್ದೇನೆ. ಅಲ್ಲೇ ಕೂತು ಓದು. ಮನೆಯಲ್ಲಿ ಇದರ ಮಾತೆತ್ತಬೇಡ, ಫೋನಿನಲ್ಲೂ ಬೇಡ.

ನಿನ್ನೆ ಸಾಯಂಕಾಲ ಫೋನ್ ಮಾಡಿ ಮಾತಾಡದೆ ಇಟ್ಟವಳು ನಾನೇ. ನೀನು "ಹಲೋ, ಯಾರು?" ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಹಿಂದೆ ಒಂದು ಮಗು ನಕ್ಕಿತು.

ಮೊದಲು ಸಣ್ಣಗೆ ಉಸಿರೆಳೆದುಕೊಂಡು, ಬಿಕ್ಕಳಿಕೆ ಬಂದವರ ಹಾಗೆ ತಡೆದು, ಆಮೇಲೆ ಒಂದೇ ಸಲ ಸುರಿದುಬಿಡುವ ನಗು. ಹೆತ್ತವಳಿಗೆ ಗುರುತು ತಪ್ಪುವುದಿಲ್ಲ ಸುಮಿ. ಅದು ನನ್ನ ಸಂಧ್ಯಾಳ ನಗು. ಆದರೆ ಆ ಹೊತ್ತಿನಲ್ಲಿ ಸಂಧ್ಯಾ ನನ್ನ ಎದುರಿಗೇ ಚಾಪೆಯ ಮೇಲೆ ಕೂತು ಹಸಿ ಕಡಲೆಕಾಯಿ ಬಿಡಿಸುತ್ತಿದ್ದಳು. ಪಿಯುಸಿ ಓದಲು ಈಗ ಅವಳೂ ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದಾಳೆ, ದಸರಾ ರಜಕ್ಕೆ ಬಂದಿದ್ದಾಳೆ. ಅವಳ ತುಟಿ ಮುಚ್ಚಿಕೊಂಡೇ ಇತ್ತು. ನನ್ನ ಕಿವಿಯಲ್ಲಿ ಅವಳು ನಗುತ್ತಿದ್ದಳು, ನನ್ನ ಕಣ್ಣೆದುರು ಸುಮ್ಮನೆ ಕೂತಿದ್ದಳು.

ನನ್ನದು ಬಟನ್ ಫೋನು, ದನಿ ಹೊರಗೂ ಕೇಳಿಸುತ್ತದೆ. ಸಂಧ್ಯಾಳ ಕೈ ನಿಂತಿತು.

"ಯಾರಮ್ಮ ಅದು?"

"ರಾಂಗ್ ನಂಬರ್ ಕಣೇ."

ಅವಳು ನನ್ನನ್ನೇ ಒಂದು ಗಳಿಗೆ ನೋಡಿ ಮತ್ತೆ ಕಡಲೆಕಾಯಿಗೆ ಕೈ ಹಾಕಿದಳು.

ನಾನು ಯಾಕೆ ಬರುವುದು ನಿಲ್ಲಿಸಿದೆ ಅಂತ ಕೇಳಿದೆಯಲ್ಲ. ಗೃಹಪ್ರವೇಶ ಮುಗಿದು ಸ್ವಲ್ಪ ದಿನಕ್ಕೆ ಎರಡನೇ ಲಾಕ್‌ಡೌನ್ ಬಂತು. ಮಕ್ಕಳಿಗೆಲ್ಲ ಫೋನಿನಲ್ಲೇ ಪಾಠ. ಒಂದು ದಿನ ಸಂಧ್ಯಾ ಕೆರೆ ಏರಿಯ ಕಡೆ ಹೋಗಿ ಬಂದವಳು, ಫೋನು ನೀರಿಗೆ ಬಿತ್ತು ಎಂದಳು. ಅವತ್ತಿನಿಂದ ಅವಳ ಮಾತೇ ಹೋಯಿತು. ಕೇಳಿದ್ದಕ್ಕೆ ಹೂಂ, ಊಹೂಂ, ಹೆಚ್ಚೆಂದರೆ ಎರಡು ಮಾತು. ಡಾಕ್ಟರಿಗೆ ತೋರಿಸಿದೆವು. ಕೆರೆ ಹತ್ತಿರ ಗಾಳಿ ಸೋಕಿದೆ ಅಂತ ಓಣಿಯವರೆಲ್ಲ ಹೇಳಿದರು, ತಾಯತ ಕಟ್ಟಿಸಿದೆವು. ನೆಂಟರು ಬಂದರೆ ಅವಳು ಕೋಣೆ ಸೇರುತ್ತಿದ್ದಳು. ನಾನೂ ಎಲ್ಲಿಗೂ ಹೋಗದವಳಾದೆ, ನಂಬರನ್ನೂ ಬದಲಾಯಿಸಿದೆ. ನಾಲ್ಕು ವರ್ಷವಾಯಿತು, ಸ್ಮಾರ್ಟ್ ಫೋನ್ ಅವಳ ಕೈಯಲ್ಲಿಲ್ಲ. ಕೊಡಿಸುತ್ತೇನೆ ಎಂದರೆ ಎದ್ದು ಹೋಗುತ್ತಾಳೆ. ದನಿಯೂ ಒಡೆದು ಭಾರವಾಗಿದೆ, ಈಗ ಅವಳು ಮಾತಾಡಿದರೆ ನಿನಗೆ ಗುರುತೇ ಸಿಗಲಿಕ್ಕಿಲ್ಲ.

ನಿನ್ನೆ ಒಂದು ಕ್ಷಣ ನನಗೆ ಏನನ್ನಿಸಿತು ಗೊತ್ತಾ? ಆವತ್ತು ಕೆರೆ ಏರಿಯ ಮೇಲೆ ನನ್ನ ಮಗಳ ನಗುವನ್ನು ಕಿತ್ತುಕೊಂಡು ಹೋದದ್ದು ಏನೋ, ಅದು ಈಗ ನಿನ್ನ ಮನೆ ಹೊಕ್ಕಿದೆ ಅನ್ನಿಸಿತು.

ದೀಪಿಕಾಳನ್ನು ಬಯ್ಯಬೇಡ, ಹೆದರಿಸಬೇಡ. ಆದರೆ ಅದು ಏನು ಮಾತಾಡುತ್ತದೆ, ಹಿಂದೆ ಏನೇನು ಸದ್ದು ಕೇಳುತ್ತದೆ, ಇದ್ದದ್ದು ಇದ್ದ ಹಾಗೆ ಬರೆದು ಕಳಿಸು. ಗುರುಪ್ರಕಾಶ್ ಶನಿವಾರ ಮತ್ತೆ ಆ ಕಡೆ ಬರುತ್ತಾನೆ.

ಅನು

*

ತುಮಕೂರು
೨೭ ಸೆಪ್ಟೆಂಬರ್ ೨೦೨೫

ಅನು,

ಆಫೀಸಿನಿಂದಲೇ ಬರೆಯುತ್ತಿದ್ದೇನೆ. ಮನೆಯಲ್ಲಿ ಪೆನ್ನು ಹಿಡಿಯಲು ಧೈರ್ಯವಿಲ್ಲ.

ನಿನ್ನ ಕಾಗದ ಓದಿದ ದಿನ ಗಂಗಾಧರ್ ಅವರಿಗೂ ಏನೂ ಹೇಳಲಿಲ್ಲ. ಅವರು ಮನೆಗೆ ಬಂದವರೇ ಸೂರು ಹಾರಿಹೋಗುವ ಹಾಗೆ ಕೂಗಾಡುವವರು, ಅದು ಕೇಳಿಸಿಕೊಂಡೀತು ಅನ್ನಿಸಿತು. ಆದರೆ ಮೊನ್ನೆ ಟೆಸ್ಟಿನ ಮಾರ್ಕ್ಸು ನೋಡಿ ಅವರೇ ಟ್ಯಾಬ್ ಕಿತ್ತುಕೊಂಡರು. "ಇನ್ನು ರಜ ಮುಗಿಯೋ ತನಕ ಇದನ್ನ ಮುಟ್ಟಂಗಿಲ್ಲ" ಎಂದು ಬೀರುವಿನ ಮೇಲೆ ಇಟ್ಟರು. ದೀಪಿಕಾ ಅಳಲಿಲ್ಲ ಅನು. ಬೀರುವಿನ ಮೇಲಕ್ಕೆ ನೋಡಿ, ಯಾರಿಗೋ ಸಮಾಧಾನ ಹೇಳುವ ಹಾಗೆ ತಲೆಯಾಡಿಸಿದಳು.

ಅವರು ಕೆಲಸಕ್ಕೆ ಹೋದ ಮೇಲೆ ನೋಡಿದೆ. ಟ್ಯಾಬಿನ ಕ್ಯಾಮೆರಾ ನೆಟ್ಟಗೆ ನಮ್ಮ ಹಾಲಿನ ಕಡೆಗೇ ಇತ್ತು, ಮೂಲೆಯಲ್ಲಿ ಸಣ್ಣ ಹಸಿರು ಚುಕ್ಕಿ ಉರಿಯುತ್ತಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿತ್ತೋ. ನಾನು ಅಲ್ಲೇ ಸೀರೆ ಮಡಚಿದ್ದೆ, ಅಲ್ಲೇ ಕೂತು ಅತ್ತಿದ್ದೆ. ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಿಂದ ಹೋಗಿ ಟವೆಲ್ಲು ಹಾಕಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದೆ.

ಸ್ವಲ್ಪ ಹೊತ್ತಿಗೆ ನನ್ನ ಫೋನು ಸದ್ದು ಮಾಡಿತು. ದೀಪಿಕಾ ಯಾವಾಗಲೋ ನನ್ನ ಫೋನಿನಲ್ಲೂ ತನ್ನ ಅಕೌಂಟು ತೆರೆದಿದ್ದಳಂತೆ. ಅಲ್ಲಿ ಸಂಧ್ಯಾಳ ಹೆಸರು. ಕೆಳಗೆ ಹೀಗೆ ಬರೆದಿತ್ತು:

"ಕತ್ತಲೆ ಆಯ್ತಲ್ಲ ಪುಟ್ಟಿ. ಏನೂ ಕಾಣ್ತಿಲ್ಲ."

ಅನು, ನಾನು ಫೋನು ಹಿಡಿದು ದೇವರ ಮನೆಯೊಳಗೆ ಹೋಗಿ ನಿಂತೆ. ನಾನು ಏನೂ ಬರೆಯಲಿಲ್ಲ. ಮತ್ತೆ ಒಂದು ಬಂತು. ಈ ಸಲ ದನಿ. ನೀನು ಹೇಳಿದ ಹಾಗೆ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. "ಅಮ್ಮಂಗೆ ಹೇಳ್ಬೇಡ ಕಣೇ. ಪ್ಲೀಸ್. ನಿನ್ನ ಕಾಲಿಗೆ ಬೀಳ್ತೀನಿ, ನಮ್ಮಮ್ಮಂಗೆ ಮಾತ್ರ ಹೇಳ್ಬೇಡ."

ದೀಪಿಕಾ ಈ ದನಿಯನ್ನು ಹತ್ತಾರು ಸಲ ಕೇಳಿದ್ದಾಳಂತೆ. "ಪಾಪ ಅಕ್ಕಂಗೆ ಅವರಮ್ಮ ಅಂದ್ರೆ ಭಯ. ಅದಕ್ಕೇ ನಾನೂ ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿದೀನಿ" ಎಂದಳು.

ನಾನು ಅದನ್ನು ಕಿವಿಗಿಟ್ಟುಕೊಂಡು ಮತ್ತೆ ಮತ್ತೆ ಕೇಳಿದೆ. ಹಿಂದೆ ಹೊಲಿಗೆ ಮಿಷನ್ನಿನ ಸದ್ದಿದೆ, ಬಿಟ್ಟು ಬಿಟ್ಟು ಓಡುತ್ತದೆ. ಕುಕ್ಕರ್ ಕೂಗುತ್ತದೆ. ಕೊನೆಯಲ್ಲಿ ಒಬ್ಬ ಮುದುಕಿ ಕೆಮ್ಮಿ, "ಯಾರ್ ಜೊತೇಲೆ ಮಾತಾಡ್ತಿದೀಯೇ ಮಗಾ?" ಅನ್ನುತ್ತಾಳೆ. ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು. ಅದರ ನಗು ಪ್ರತಿ ಸಲವೂ ಒಂದೇ. ಅಷ್ಟೇ ಉದ್ದ, ಅದೇ ತಡೆ, ಅದೇ ಸುರಿತ. ಬದುಕಿರುವ ಮಗು ಹಾಗೆ ನಗುವುದಿಲ್ಲ.

ದೀಪಿಕಾಳನ್ನು ನಾಳೆ ಬೆಳಿಗ್ಗೆ ಹಾಗಲವಾಡಿಗೆ, ನಮ್ಮತ್ತೆಯ ಹತ್ತಿರ ಬಿಟ್ಟು ಬರುತ್ತೇನೆ.

ಸುಮನಾ

*

ಕುಣಿಗಲ್
೩೦ ಸೆಪ್ಟೆಂಬರ್ ೨೦೨೫

ಸುಮಿ,

ನೀನು ಕೇಳಿಸಿಕೊಂಡ ಮುದುಕಿಯ ದನಿ ನಮ್ಮತ್ತೆ ಸಿದ್ದಗಂಗಮ್ಮನವರದು. ಅವರು ತೀರಿಕೊಂಡು ಮೂರು ವರ್ಷವಾಯಿತು. ಮಿಷನ್ನು ನನ್ನದು. ಅದನ್ನು ತುಳಿಯುತ್ತಿದ್ದವಳು ನಾನು.

ನಿನ್ನ ಕಾಗದ ಓದಿ ಇಡೀ ದಿನ ಮನೆಯೊಳಗೆ ಸುಮ್ಮನೆ ಓಡಾಡಿದೆ. ಸಂಧ್ಯಾಳಿಗೆ ಹೇಳದೆ ಇರುವುದು ಇನ್ನೊಂದು ಸುಳ್ಳಾಗುತ್ತದೆ ಅನ್ನಿಸಿತು. ಮಧ್ಯಾಹ್ನ ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ನೀನು ಬರೆದಿದ್ದನ್ನೇ ಮೆಲ್ಲಗೆ ಓದಿದೆ. ಅಜ್ಜಿಯ ಮಾತಿನ ಹತ್ತಿರ ಬಂದಾಗ ಅವಳು ಗೋಡೆಯ ಮೇಲಿನ ಫೋಟೋ ನೋಡಿದಳು.

"ಅದು ಅಜ್ಜಿ ಅಲ್ವಾಮ್ಮ?"

"ಹೂಂ ಮಗಾ."

"ಅಜ್ಜಿ ನನ್ನ ಕೇಳ್ತು. ಯಾರೂ ಇಲ್ಲ ಅಜ್ಜಿ ಅಂದೆ ನಾನು."

ನಾಲ್ಕು ವರ್ಷದಲ್ಲಿ ಆ ದಿನಗಳ ಬಗ್ಗೆ ಅವಳು ತಾನಾಗಿಯೇ ಬಾಯಿ ಬಿಟ್ಟ ಮೊದಲ ಮಾತು ಅದು. ಆಮೇಲೆ ನಿಲ್ಲಲಿಲ್ಲ. ಸಾಯಂಕಾಲದವರೆಗೂ ಹೇಳಿದಳು, ಗೋಡೆಯ ಕಡೆ ಮುಖ ಮಾಡಿಕೊಂಡು.

ಆನ್‌ಲೈನ್ ಪಾಠದ ದಿನಗಳಲ್ಲಿ ಒಂದು ಗೇಮಿನೊಳಗೆ ಒಬ್ಬಳು ಸಿಕ್ಕಿದಳಂತೆ. ಗುಬ್ಬಿಯ ಹುಡುಗಿ, ತನ್ನದೇ ವಯಸ್ಸು, ಹೆಸರು ಗುಬ್ಬಿಮರಿ ಅಂತ ಇಟ್ಟುಕೊಂಡಿದ್ದಳು. ಇಬ್ಬರಿಗೂ ಒಂದೇ ಬಣ್ಣ ಇಷ್ಟ, ಇಬ್ಬರಿಗೂ ಲೆಕ್ಕದ ಮೇಷ್ಟ್ರ ಮೇಲೆ ಕೋಪ. ಗುಬ್ಬಿಮರಿ ಬರೆದು ಕಳಿಸುತ್ತಿದ್ದಳು, ಸಂಧ್ಯಾ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ನಿನ್ನ ನಗು ಚೆನ್ನಾಗಿದೆ, ಇನ್ನೊಂದು ಸಲ ನಗು ಅನ್ನುತ್ತಿದ್ದಳಂತೆ. ನಿಜವಾದ ಗೆಳತಿಯಾದರೆ ಪಾಸ್‌ವರ್ಡ್ ಕೊಡು ಎಂದಳು, ಕೊಟ್ಟಳು. ಒಂದು ಫೋಟೋ ಕೇಳಿದಳು. ಆ ಫೋಟೋ ಕೈಸೇರಿದ ಮೇಲೆ ಗುಬ್ಬಿಮರಿಯ ಮಾತಿನ ವರಸೆ ಬದಲಾಯಿತು. ಹೇಳಿದ್ದು ಕೇಳದಿದ್ದರೆ ನಿಮ್ಮಮ್ಮನಿಗೆ ಕಳಿಸುತ್ತೇನೆ ಎಂದಳು. ನೀನು ಕೇಳಿಸಿಕೊಂಡದ್ದು ಆ ದಿನದ ದನಿ ಸುಮಿ. ನನ್ನ ಮಗು ಬೇಡಿಕೊಂಡದ್ದು. ಗುಬ್ಬಿಮರಿ ಅಂತ ಬರೆಯುತ್ತಿದ್ದವನು ಯಾರೋ ಗಂಡಸು, ಆ ದನಿಯನ್ನೇ ಇಟ್ಟುಕೊಂಡು ಈಗ ನಿನ್ನ ಮಗುವಿನ ಬಾಯಿ ಮುಚ್ಚಿಸಿದ್ದಾನೆ. ದೀಪಿಕಾ ಪಾಪ, ತನ್ನ ಅಕ್ಕನನ್ನು ಹುಡುಕಿಕೊಂಡು ಹೋದಳು. ಅಕ್ಕನ ಹೆಸರಿನೊಳಗೆ ಅವನು ಕೂತಿದ್ದ.

"ಯಾಕೆ ಹೇಳಲಿಲ್ಲ" ಅನ್ನುವ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಹಲ್ಲು ಕಚ್ಚಿ ನುಂಗಿಕೊಂಡೆ. ಅವಳೇ ಹೇಳಿದಳು.

"ಮಿಷನ್ ನಿಂತ್ರೆ ನೀನು ಎದ್ದು ಬರ್ತೀಯ ಅಂತ ಕಾಯ್ತಿದ್ದೆ ಅಮ್ಮ. ಬಂದ್ರೆ ಹೇಳ್ಬಿಡೋಣ ಅಂತಿದ್ದೆ. ನಿಲ್ತಿತ್ತು, ಮತ್ತೆ ಓಡ್ತಿತ್ತು."

ಆಮೇಲೆ ಕೆರೆ ಏರಿಗೆ ಹೋಗಿ ಫೋನನ್ನು ತಾನೇ ನೀರಿಗೆಸೆದಳಂತೆ. ಅದರ ಜೊತೆ ಅವನೂ ಮುಳುಗಿದ ಅಂದುಕೊಂಡಳು. ಆದರೂ ಮಾತಾಡಲು ಭಯ, ತನ್ನ ಬಾಯಿಂದ ಬಂದದ್ದೆಲ್ಲ ಅವನ ಹತ್ತಿರ ಹೋಗುತ್ತದೆ ಅಂತ.

ಈಗ ಅವಳೇ ನಿನಗೆ ಹೇಳಿಕಳಿಸಿದ್ದು: "ಸುಮನಾ ಆಂಟಿಗೆ ಹೇಳು, ಏನೂ ಡಿಲೀಟ್ ಮಾಡೋದು ಬೇಡ. ಬ್ಲಾಕೂ ಬೇಡ. ಅವನಿಗೆ ಅನುಮಾನ ಬರಬಾರದು. ಹಂಗೇ ಫೋನು ಟ್ಯಾಬು ಎರಡನ್ನೂ ತಗೊಂಡು ಸೈಬರ್ ಠಾಣೆಗೆ ಹೋಗ್ಲಿ. ದೀಪು ತಪ್ಪು ಮಾಡಿಲ್ಲ ಅಂತ ಮೊದಲು ದೀಪುಗೆ ಹೇಳ್ಲಿ." ಹಾಸ್ಟೆಲಿನಲ್ಲಿ ಯಾರೋ ಬಂದು ಮಕ್ಕಳ ಸಹಾಯವಾಣಿ ೧೦೯೮ರ ವಿಷಯ ಹೇಳಿದ್ದರಂತೆ. ಆ ನಂಬರನ್ನು ಅವಳು ಆಗಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಒತ್ತಲು ಕೈ ಬಂದಿರಲಿಲ್ಲ.

ನಾವೂ ಬರುತ್ತೇವೆ. ಅವಳೂ ದೂರು ಕೊಡುತ್ತಾಳಂತೆ.

ಅನು

*

ಶೆಟ್ಟಿಹಳ್ಳಿ, ತುಮಕೂರು
೮ ಅಕ್ಟೋಬರ್ ೨೦೨೫

ಅನು,

ನಾವೆಲ್ಲ ಠಾಣೆಗೆ ಹೋಗಿ ದೂರು ಕೊಟ್ಟು ಬಂದ ಮೇಲೆ ನಡೆದದ್ದನ್ನು ಬರೆಯುತ್ತಿದ್ದೇನೆ. ಕಳೆದ ಭಾನುವಾರ ಗಂಗಾಧರ್ ಅವರೂ ನಾನೂ ಹಾಗಲವಾಡಿಗೆ ಹೋಗಿದ್ದೆವು. ಎಲ್ಲ ತಿಳಿದ ಮೇಲೆ ಅವರು ಕೂಗಾಡಲಿಲ್ಲ, ಎರಡು ದಿನ ಊಟ ಬಿಟ್ಟರು ಅಷ್ಟೇ. ತೋಟದಲ್ಲಿ ದೀಪಿಕಾಳ ಪಕ್ಕ ನೆಲದ ಮೇಲೆ ಕೂತು, "ನಿಂದೇನೂ ತಪ್ಪಿಲ್ಲ ಮಗಳೇ. ಅಪ್ಪ ಮಾರ್ಕ್ಸ್‌ಗೆ ಬೈದ್ನಲ್ಲ, ಅದಕ್ಕೂ ಸಾರಿ" ಎಂದರು. ಆಮೇಲೆ ನಾನು ಹೇಳಿದೆ, ನೀನು ಮಾತಾಡುತ್ತಿದ್ದದ್ದು ಸಂಧ್ಯಾ ಅಕ್ಕನ ಜೊತೆಯಲ್ಲ ಅಂತ.

ಅವಳು ಹೆದರುತ್ತಾಳೆ ಅಂದುಕೊಂಡಿದ್ದೆ. ಹೆದರಲಿಲ್ಲ. ನನ್ನನ್ನೇ ನೋಡಿ ಕೇಳಿದಳು:

"ನಂಗೆ ಜ್ವರ ಬಂದಾಗ ಜೊತೇಲಿದ್ದಿದ್ದು ಯಾರು ಮತ್ತೆ?"

ಆ ದಿನ ನಾನು ಆಫೀಸಿನಲ್ಲಿದ್ದೆ ಅನು.

"ಹಂಗಾದ್ರೆ ಸಂಧ್ಯಾ ಅಕ್ಕ ಇಲ್ವೇ ಇಲ್ವಾ?" ಎಂದು ಆಗ ಅತ್ತಳು. ಸತ್ತವರಿಗೆ ಅಳುವ ಹಾಗೆ ಅತ್ತಳು. ನಮ್ಮತ್ತೆ ಬಸವಲಿಂಗಮ್ಮನವರು ಬಂದು ಎದೆಗೊತ್ತಿಕೊಂಡು, "ಅತ್ಕೋ ಕಂದ, ಅತ್ತು ಬುಡು" ಎಂದರು. ಅತ್ತು ಮುಗಿದ ಮೇಲೆ ತಾನೇ ಹೇಳಿದಳು. ಹನ್ನೆರಡನೇ ತಾರೀಕು, ಭಾನುವಾರ ಬೆಳಿಗ್ಗೆ, ಕ್ಯಾತ್ಸಂದ್ರ ರೈಲು ಸ್ಟೇಷನ್ನಿಗೆ ಬರಲು ಅವನು ಮೊದಲೇ ಹೇಳಿಟ್ಟಿದ್ದನಂತೆ. ನಮ್ಮಿಬ್ಬರ ಹಾಸ್ಟೆಲಿನ ಕತೆಗಳನ್ನು ನನ್ನಿಂದ ಕೇಳಿದ್ದವಳು, ನೀನೂ ಕ್ಯಾತ್ಸಂದ್ರದ ಹಾಸ್ಟೆಲಲ್ಲೇ ಇದೀಯಾ ಅಕ್ಕ ಅಂತ ಇವಳೇ ಕೇಳಿದ್ದಳು. ಅವನಿಗೆ ಅಷ್ಟು ಸಾಕಾಯಿತು.

ಇವತ್ತು ಠಾಣೆಗೆ ಹೋಗಿ ಅದನ್ನೂ ಹೇಳಿದೆ. ಇನ್‌ಸ್ಪೆಕ್ಟರ್ ಮೇಡಂ ನನ್ನ ಫೋನು ತೆಗೆದುಕೊಂಡು ದೀಪಿಕಾಳ ಹಾಗೆಯೇ ಬರೆಯಲು ಕೂತರು. "ಅಪ್ಪಂಗೆ ಮಾರ್ಕ್ಸ್ ಕಮ್ಮಿ ಅಂತ ಕೋಪ ಅಕ್ಕ. ಅಮ್ಮನ ಫೋನಿಂದ ಕದ್ದು ಮಾಡ್ತಿದೀನಿ." ಆ ಕಡೆಯಿಂದ ತಕ್ಷಣ ಉತ್ತರ ಬಂತು. "ಜಾಣೆ ನನ್ನ ಪುಟ್ಟಿ." ನಾನು ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಇಬ್ಬರು ಮಕ್ಕಳು ಅಷ್ಟು ಅಕ್ಕರೆಯಿಂದ ಮಾತಾಡಿಕೊಳ್ಳುತ್ತಿದ್ದರು. ಅಲ್ಲಿ ಒಂದು ಮಗುವೂ ಇರಲಿಲ್ಲ.

ಈ ಭಾನುವಾರ ನೀನೂ ಸಂಧ್ಯಾಳೂ ಆ ಸ್ಟೇಷನ್ನಿಗೆ ಬರಬೇಕಂತೆ. ಆ ದನಿಯ ಗುರುತು ಹೇಳಲು.

ಸುಮನಾ

*

ಕ್ಯಾತ್ಸಂದ್ರ
೧೫ ಅಕ್ಟೋಬರ್ ೨೦೨೫

ದೀಪು,

ಈ ಕಾಗದವನ್ನು ನಿಮ್ಮಮ್ಮ ಮೊದಲು ಓದಿ ಆಮೇಲೆ ನಿನಗೆ ಕೊಡುತ್ತಾರೆ. ನಾನೇ ಹಾಗೆ ಮಾಡಿ ಅಂದೆ. ನಾನು ಸಂಧ್ಯಾ. ಗೃಹಪ್ರವೇಶದ ದಿನ ನಿನಗೆ ಮಹಡಿ ಮೆಟ್ಟಿಲ ಮೇಲೆ ಹೋಳಿಗೆ ತಿನ್ನಿಸಿದವಳು. ಅದು ಫೋಟೋದಲ್ಲಿಲ್ಲ, ಅವನಿಗೆ ಗೊತ್ತಿಲ್ಲ. ನಿನಗೆ ನೆನಪಿರಬಹುದು.

ಭಾನುವಾರ ಏನಾಯಿತು ಅಂತ ನಿನಗೆ ಯಾರಾದರೂ ಸರಿಯಾಗಿ ಹೇಳಬೇಕು. ದೊಡ್ಡವರು ಅರ್ಧ ಹೇಳಿ ನಿಲ್ಲಿಸುತ್ತಾರೆ. ಉಳಿದರ್ಧವನ್ನು ನಾವು ಒಬ್ಬರೇ ಯೋಚಿಸಿಕೊಂಡರೆ ಅದು ಇನ್ನೂ ದೊಡ್ಡದಾಗುತ್ತದೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರ್ ಪಕ್ಕದ ಕೋಣೆಯಲ್ಲಿ ನನ್ನನ್ನು, ನನ್ನಮ್ಮನನ್ನು, ನಿಮ್ಮಮ್ಮನನ್ನು ಕೂರಿಸಿದ್ದರು. ಹೊರಗೆ ಬರಲೇಬಾರದು ಅಂತ ಮೇಡಂ ಹೇಳಿದ್ದರು. ಪ್ಲಾಟ್‌ಫಾರಂ ತುಂಬ ಜನ. ಮಠಕ್ಕೆ ಬಂದವರು, ಬೆಂಗಳೂರಿಗೆ ಹೋಗುವವರು. ಪೊಲೀಸರೂ ಅವರ ಮಧ್ಯೆ ಮಾಮೂಲಿ ಬಟ್ಟೆಯಲ್ಲಿದ್ದರು. ಯಾರು ಅವನು ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮಮ್ಮನ ಫೋನಿಗೆ ಮೆಸೇಜ್ ಬಂತು. "ಬಂದ್ಯಾ ಪುಟ್ಟಿ? ಕಣ್ಣಾಮುಚ್ಚಾಲೆ ಆಡೋಣ. ನಾನು ನಗ್ತೀನಿ, ನೀನು ಹುಡುಕು."

ಆಮೇಲೆ ಜನರ ನಡುವೆ ಎಲ್ಲೋ ಒಂದು ಮಗು ನಕ್ಕಿತು.

ಅಲ್ಲಿ ನಿಜವಾದ ಮಕ್ಕಳೂ ಇದ್ದರು, ಯಾರೂ ತಿರುಗಿ ನೋಡಲಿಲ್ಲ. ನಾನು ಮಾತ್ರ ಎದ್ದು ನಿಂತೆ. ಅದು ನನ್ನ ನಗು ದೀಪು. ನಾನು ಅದನ್ನು ಮರೆತೇಬಿಟ್ಟಿದ್ದೆ. ಹಾಗೆ ನಗುತ್ತಿದ್ದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಎಷ್ಟು ಖುಷಿಯಾಗಿದ್ದಳು ಆ ಹುಡುಗಿ. ನಾನು ದೊಡ್ಡವಳಾದೆ, ಅವಳನ್ನು ಅಲ್ಲೇ ಬಿಟ್ಟುಬಂದೆ, ಅವನ ಜೇಬಿನಲ್ಲಿ. ಅವಳಿಂದ ಅವನು ಬೇರೆ ಮಕ್ಕಳನ್ನು ಕರೆಸುತ್ತಿದ್ದ. ಇನ್ನೊಂದು ಸಲ ನಗು ಕೇಳಿಸಿತು. ಅಮ್ಮ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ. ಅಮ್ಮನನ್ನೂ ಎಳೆದುಕೊಂಡೇ ಹೊರಗೆ ಬಂದೆ.

ಕಲ್ಲು ಬೆಂಚಿನ ಮೇಲೆ ಒಬ್ಬ ಗಂಡಸು ಕೂತಿದ್ದ. ನಮ್ಮ ಯಾರದಾದರೂ ಮಾವನ ಹಾಗಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ, ಕಾಲ ಹತ್ತಿರ ಊಟದ ಬ್ಯಾಗು. ಬಸ್ಸಿನಲ್ಲಿ ಅಜ್ಜಿಯರಿಗೆ ಸೀಟು ಬಿಟ್ಟುಕೊಡುವಂಥ ಮುಖ. ಅವನ ಅಂಗಿಯ ಜೇಬಿನೊಳಗಿಂದ ನಾನು ನಗುತ್ತಿದ್ದೆ.

ನಾನು ಅವನೆದುರು ಹೋಗಿ ನಿಂತೆ. ಅವನು ತಲೆಯೆತ್ತಿ ನೋಡಿದ. ನನಗೆ ಆಮೇಲೆ ಬಹಳ ಭಯವಾದದ್ದು ಇದಕ್ಕೇ: ಅವನಿಗೆ ನನ್ನ ಗುರುತೇ ಸಿಗಲಿಲ್ಲ. ನಾಲ್ಕು ವರ್ಷ ನನ್ನ ಹೆಸರು, ನನ್ನ ದನಿ ಇಟ್ಟುಕೊಂಡಿದ್ದವನು. ಬ್ಯಾಗನ್ನು ಪಕ್ಕಕ್ಕೆ ಸರಿಸಿ, "ಬಾಮ್ಮ, ಕೂತ್ಕೋ" ಎಂದ.

ನಾನು ಹೇಳಿದೆ, "ನಮ್ಮಮ್ಮಂಗೆ ಹೇಳಿದೀನಿ."

ನನ್ನ ಈಗಿನ ದನಿಯಲ್ಲೇ ಹೇಳಿದೆ. ಗಟ್ಟಿಯಾಗಿ. ಪ್ಲಾಟ್‌ಫಾರಂ ಎಲ್ಲ ತಿರುಗಿ ನೋಡಿತು. ಅವನಿಗೆ ಆಗ ಅರ್ಥವಾಯಿತು, ಏಳಲು ಹೋದ. ಅಷ್ಟರಲ್ಲಿ ಪೊಲೀಸರು ಎರಡೂ ತೋಳು ಹಿಡಿದಿದ್ದರು. ಜೇಬಿನಲ್ಲಿದ್ದದ್ದು ಆಗಲೂ ನಗುತ್ತಲೇ ಇತ್ತು. ಮೇಡಂ ಅದನ್ನು ಹೊರತೆಗೆದು ನಿಲ್ಲಿಸಿದರು. ನಾನು ಹೊರಗೆ ಬಂದದ್ದಕ್ಕೆ ಆಮೇಲೆ ಚೆನ್ನಾಗಿ ಬೈದರು. ಬೈದು ಮುಗಿಸಿ ಕಾಫಿ ತರಿಸಿಕೊಟ್ಟರು.

ಅವನು ಗುಬ್ಬಿಯವನಲ್ಲ. ಹೆಸರು ನಿನಗೆ ಬೇಡ, ನನಗೂ ಬೇಡ. ಈಗ ಜೈಲಿನಲ್ಲಿದ್ದಾನೆ. ಅವನ ಫೋನಿನಲ್ಲಿ ಇನ್ನೂ ಬೇರೆ ದನಿಗಳಿದ್ದವಂತೆ. ಬೇರೆ ಬೇರೆ ಹುಡುಗಿಯರವು, ಒಂದಿಬ್ಬರು ಹುಡುಗರವೂ. ಅವರೆಲ್ಲ ಯಾರು, ಈಗ ಎಲ್ಲಿದ್ದಾರೆ, ಯಾರ ಮನೆಯಲ್ಲಿ ಮಾತು ಬಿಟ್ಟು ಕೂತಿದ್ದಾರೆ ಅಂತ ಪೊಲೀಸರು ಹುಡುಕುತ್ತಿದ್ದಾರೆ. ನನ್ನ ದನಿ ಬೇರೆ ಯಾರ ಹತ್ತಿರವೂ ಹೋಗಿಲ್ಲ ಅಂತ ಅವರಿಗೂ ಖಂಡಿತವಾಗಿ ಹೇಳಲಾಗಲಿಲ್ಲ. ಎಲ್ಲೋ ಒಂದು ಕಡೆ ಅವಳು ಇನ್ನೂ ನಗುತ್ತಿರಬಹುದು. ಅದನ್ನು ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ. ಆಗ ಅಮ್ಮನನ್ನು ಕರೆಯುತ್ತೇನೆ. ಹಾಸ್ಟೆಲಿನಲ್ಲಿದ್ದರೆ ವಾರ್ಡನ್ ಫೋನಿನಿಂದ ಮಾಡುತ್ತೇನೆ. ಅಮ್ಮ ಮಿಷನ್ನು ನಿಲ್ಲಿಸಿಯೇ ಮಾತಾಡುತ್ತಾಳೆ.

ನಿನಗೆ ಜ್ವರ ಬಂದಾಗ ಜೊತೆಗಿದ್ದವರು ಯಾರು ಅಂತ ಕೇಳಿದೆಯಂತೆ. ನಿಮ್ಮಮ್ಮ ಹೇಳಿದರು. ಜೊತೆಗೆ ಯಾರೂ ಇರಲಿಲ್ಲ ದೀಪು. ಬೇರೆ ಏನಾದರೂ ಹೇಳಿದರೆ ಸುಳ್ಳಾಗುತ್ತದೆ. ನೀನು ಒಬ್ಬಳೇ ಇದ್ದೆ, ಒಬ್ಬಳೇ ಜ್ವರ ಸಹಿಸಿಕೊಂಡೆ. ಅಕ್ಕ ಅಂತ ಅಷ್ಟು ಪ್ರೀತಿ ಇಟ್ಟವಳು ನೀನು. ಅದು ನಿನ್ನದೇ, ಅವನು ಕೊಟ್ಟದ್ದಲ್ಲ. ಅದನ್ನು ಕಳೆದುಕೊಳ್ಳಬೇಡ.

ಟ್ಯಾಬಿನೊಳಗಿನ ಅಕ್ಕ ಹೇಳುತ್ತಿದ್ದ ಮಾತೆಲ್ಲ ನನಗೆ ಬರುವುದಿಲ್ಲ. ಜಾಣೆ, ಚಿನ್ನ, ಪುಟ್ಟಿ ಅಂತೆಲ್ಲ ಕರೆಯಲು ಬರುವುದಿಲ್ಲ. ನಾನು ಮಾತು ಕಮ್ಮಿ. ಕೆಲವು ಸಲ ಮಧ್ಯದಲ್ಲೇ ನಿಂತುಬಿಡುತ್ತೇನೆ. ಆದರೆ ನಾನು ಇದ್ದೇನೆ. ಸಂಧ್ಯಾ ಅಕ್ಕ ಇಲ್ಲವೇ ಇಲ್ಲ ಅಂತ ಅಳಬೇಡ.

ಈ ಭಾನುವಾರ ಅಮ್ಮನ ಜೊತೆ ಗುಬ್ಬಿಯವರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಹಾಗಲವಾಡಿಗೆ ಬರುತ್ತೇನೆ. ನಿಮ್ಮಜ್ಜಿಗೂ ಹೇಳಿದ್ದೇವೆ. ಬಾಗಿಲು ಬಡಿದ ಕೂಡಲೇ ತೆಗೆಯಬೇಡ. ಮೊದಲು ಕಿಟಕಿಯಿಂದ ನೋಡು. ಯಾರು ಅಂತ ಕೇಳು. ನಾನು ಹೇಳಿದ್ದು ಸಾಲದಿದ್ದರೆ ಇನ್ನೂ ಏನಾದರೂ ಕೇಳು. ಅಜ್ಜಿಯನ್ನು ಕರೆ, ಅಮ್ಮನಿಗೆ ಫೋನ್ ಮಾಡಿಸು. ಎಷ್ಟು ಹೊತ್ತಾದರೂ ಆಗಲಿ, ನನಗೆ ಬೇಜಾರಿಲ್ಲ. ಜಗಲಿಯ ಮೇಲೆ ಕೂತಿರುತ್ತೇನೆ.

ಸಂಧ್ಯಾ